ಮಾವನ ಅಂಬಾಸಡರ್, 1:32ರ ಅಳತೆಯಲ್ಲಿ

ಆಟಿಕೆ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಅಂಬಾಸಡರಿನ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದಾಗ 77 ಮಿ.ಮೀ. ಬಂತು. ನಿಜವಾದ ಅಂಬಾಸಡರಿನಲ್ಲಿ ಈ ಅಂತರ 97 ಅಂಗುಲ, ಎಂದರೆ 2464 ಮಿ.ಮೀ. ಭಾಗಿಸಿದರೆ 32 ಬರುತ್ತದೆ. ಆದರೆ ಬಂಪರಿನಿಂದ ಬಂಪರಿಗೆ ಅಳೆದಾಗ ಆಟಿಕೆಯ ಉದ್ದ 131 ಮಿ.ಮೀ. ಮಾತ್ರ ಇತ್ತು, ಸುಮಾರು 4.32 ಮೀಟರ್ ಉದ್ದದ ಕಾರು 1:32ರ ಅಳತೆಯಲ್ಲಿ 135 ಮಿ.ಮೀ. ಆಗಬೇಕು. ಅಚ್ಚು ಮಾಡಿದವರು ಮೂಗನ್ನೂ ಡಿಕ್ಕಿಯನ್ನೂ ತುಸು ಮೊಟಕು ಮಾಡಿದ್ದಾರೆ. ಆ ನಾಲ್ಕು ಮಿಲಿಮೀಟರಿನ ಕೊರತೆಯನ್ನು ಸರಿಪಡಿಸುವ ಗೋಜಿಗೆ ನಾನು ಹೋಗಲಿಲ್ಲ. ಮೇಜಿನ ಮೇಲೆ ಇಟ್ಟಾಗ ಅದು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ಬೇರೆ ಸಂಗತಿಗಳು, ಈ ದಾಖಲೆ ಅವುಗಳ ಕುರಿತಾದದ್ದು.

ಮಾದರಿ ಮಾಡಬೇಕಿದ್ದದ್ದು ಯಾವುದೋ ಒಂದು ಅಂಬಾಸಡರನ್ನಲ್ಲ, ಮೈಸೂರಿನಲ್ಲಿರುವ ನನ್ನ ಸೋದರಮಾವನ 1982ರ ಮಾರ್ಕ್ 4 ಕಾರನ್ನು. ಈ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಆಧಾರದ ಮೇಲೆ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿದ ಈ ಕಾರಿನ ಮೈಕಟ್ಟು ಅಷ್ಟು ದೀರ್ಘಕಾಲ ಹೆಚ್ಚುಕಡಿಮೆ ಒಂದೇ ಆಗಿ ಉಳಿಯಿತು. ಛಾವಣಿಯ ಗುಂಡು, ಮಡ್ಗಾರ್ಡಿನ ಉಬ್ಬು, ಬಾಗಿಲಿನ ಗೆರೆ ಯಾವುದನ್ನು ನೋಡಿದರೂ ಗಾಡಿ ಯಾವ ಕಾಲದ್ದೆಂದು ತಿಳಿಯುವುದಿಲ್ಲ. ತಿಳಿಯುವುದು ಮುಂದಿನ ಜಾಲರಿಯಿಂದ, ಸಣ್ಣ ದೀಪಗಳಿಂದ, ಬಾನೆಟ್ ಎತ್ತಿದಾಗ ಕಾಣುವ ಎಂಜಿನ್ನಿನಿಂದ. ಮಾರ್ಕ್ 3ರ ಜಾಲರಿಯಲ್ಲಿ ಅಡ್ಡಪಟ್ಟಿಗಳಿದ್ದರೆ, 1979ರಲ್ಲಿ ಬಂದ ಮಾರ್ಕ್ 4ರಲ್ಲಿ ದೊಡ್ಡ ದೊಡ್ಡ ಚೌಕಗಳ ಜಾಲರಿ ಇದೆ. ಆಟಿಕೆಯವರು ಮಾತ್ರ ಎರಡೂ ಅಲ್ಲದ ಒಂದು ಜಾಲರಿಯನ್ನು ಅಚ್ಚಿನಲ್ಲಿ ಒತ್ತಿ ಕೈತೊಳೆದುಕೊಂಡಿದ್ದಾರೆ. ಆದ್ದರಿಂದ ಮಾದರಿಗೆ ಸೇರಿಸುವ ಪ್ರತಿಯೊಂದು ವಿವರವೂ ಆ ಒಂದೇ ಗಾಡಿಯಿಂದ ಬರಬೇಕು, ಬಂದದ್ದು 32ರಿಂದ ಭಾಗಿಸಿದ ಮೇಲೆಯೇ ಮೇಜಿಗೆ ಏರಬೇಕು ಎಂದು ಮೊದಲೇ ನಿರ್ಧರಿಸಿದೆ. ಈ ನಿಯಮವನ್ನು ಎಲ್ಲೆಲ್ಲಿ ಮೀರಿದೆನೋ ಅಲ್ಲೆಲ್ಲ ಕೆಲಸವನ್ನು ಎರಡನೆಯ ಸಲ ಮಾಡಬೇಕಾಯಿತು.

ಅಳತೆ ತೆಗೆದುಕೊಳ್ಳಲು ಒಂದು ಭಾನುವಾರ ಟೇಪು, ಆರು ಅಂಗುಲದ ಸ್ಟೀಲ್ ಸ್ಕೇಲು, ಒಂದು ಉಂಡೆ ದಾರ ಹಿಡಿದು ಮಾವನ ಶೆಡ್ಡಿಗೆ ಹೋದೆ. ಅವರು ಬಾಗಿಲಲ್ಲಿ ನಿಂತು, “ಏನಪ್ಪಾ, ಅಂಬಾಸಡರ್‌ಗೆ ಅಂಗಿ ಹೊಲಿಸ್ತೀಯಾ?” ಎಂದರು. ದಾರ ತಂದದ್ದಕ್ಕೆ ಕಾರಣವಿತ್ತು. ಬಾನೆಟ್ಟಿನೊಳಗೆ ಕ್ಯಾಲಿಪರ್ ತೂರಿಸಲು ಜಾಗವಿರುವುದಿಲ್ಲ. ರೇಡಿಯೇಟರಿನ ರಬ್ಬರ್ ಕೊಳವೆಗೆ ದಾರವನ್ನು ಒಂದು ಸುತ್ತು ಸುತ್ತಿ, ಆ ದಾರವನ್ನು ಸ್ಕೇಲಿನ ಮೇಲೆ ಹಿಡಿದರೆ 126 ಮಿ.ಮೀ. ಬಂತು, ಅದನ್ನು 3.14ರಿಂದ ಭಾಗಿಸಿದರೆ ಕೊಳವೆಯ ದಪ್ಪ 40 ಮಿ.ಮೀ., ಮಾದರಿಯಲ್ಲಿ 1.25 ಮಿ.ಮೀ. ಕೈಗೆ ಎಟುಕದ ಭಾಗಗಳಿಗೆ ಸ್ಟೀಲ್ ಸ್ಕೇಲನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದೆ. ಸ್ಕೇಲು ಇಲ್ಲದ ಚಿತ್ರ ಎಷ್ಟೇ ಚೆನ್ನಾಗಿ ಬಂದಿದ್ದರೂ ಮನೆಗೆ ಬಂದ ಮೇಲೆ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ಹಿಂದಿನ ಒಂದು ಮಾದರಿಯಲ್ಲಿ ಕಲಿತಿದ್ದೆ.

ಭಾಗಾಕಾರ ಮಾಡುತ್ತಾ ಹೋದಂತೆ ನೋಟ್‌ಬುಕ್ಕಿನಲ್ಲಿ ಅಚ್ಚರಿಯ ಸಂಖ್ಯೆಗಳು ಕಾಣಿಸಿಕೊಳ್ಳತೊಡಗಿದವು. ಆಟಿಕೆಯ ಪ್ಲಾಸ್ಟಿಕ್ 1.8 ಮಿ.ಮೀ. ದಪ್ಪವಿದೆ, ಅದನ್ನು 32ರಿಂದ ಗುಣಿಸಿದರೆ ಸುಮಾರು 58 ಮಿ.ಮೀ. ಆಗುತ್ತದೆ. ಎಂದರೆ ಈ ಆಟಿಕೆಯ ಲೆಕ್ಕದಲ್ಲಿ ಅಂಬಾಸಡರಿನ ಬಾನೆಟ್ ಎರಡೂಕಾಲು ಅಂಗುಲ ದಪ್ಪದ ಉಕ್ಕಿನಿಂದ ಆಗಿರಬೇಕು. ಯುದ್ಧದ ಟ್ಯಾಂಕಿಗೆ ಅದು ಸರಿಹೋದೀತು. ಸಾಮಾನ್ಯ ಮುದ್ರಣದ ಕಾಗದವೇ 0.1 ಮಿ.ಮೀ. ಇರುವುದರಿಂದ, ಈ ಅಳತೆಯಲ್ಲಿ ಅದು ಮೂರು ಮಿಲಿಮೀಟರಿಗೂ ಹೆಚ್ಚು ದಪ್ಪದ ತಗಡಿಗೆ ಸಮ. ಮಾದರಿ ಕಾರುಗಳು ಆಟಿಕೆಯಂತೆ ಕಾಣುವುದಕ್ಕೆ ವಿವರಗಳ ಕೊರತೆಗಿಂತ ಈ ದಪ್ಪವೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಒಂದು ಮಿಲಿಮೀಟರ್ ದಪ್ಪದ ವೈಪರನ್ನು ಅಂಟಿಸುವುದಕ್ಕಿಂತ ವೈಪರನ್ನೇ ಅಂಟಿಸದಿರುವುದು ಲೇಸು.

ಬಾನೆಟ್ ತೆರೆಯುವುದು ಮೊದಲ ಕೆಲಸ. ಆಟಿಕೆಯಲ್ಲಿ ಬಾನೆಟ್ ಬೇರೆ ಭಾಗವಲ್ಲ, ಮೈಯೊಂದಿಗೆ ಒಂದೇ ಅಚ್ಚಿನಲ್ಲಿ ಬಂದದ್ದು. ಸುತ್ತ ಒಂದು ಗೆರೆ ಮಾತ್ರ ಇದೆ. ಗರಗಸ ಹಾಕಿದರೆ ಅದರ ಹಲ್ಲಿನ ಅಗಲದಷ್ಟು ಪ್ಲಾಸ್ಟಿಕ್ ಪುಡಿಯಾಗಿ ಹೋಗಿ ನಂತರ ಬಾನೆಟ್ ಮುಚ್ಚಿದಾಗ ಸಂದು ಹಲ್ಲುಕಿರಿಯುತ್ತದೆ. ಆದ್ದರಿಂದ ಕಟ್ಟರ್ ಅಲಗನ್ನು ಮಗುಚಿ, ಅದರ ಬೆನ್ನಿನ ತುದಿಯನ್ನು ಗೆರೆಯಲ್ಲಿಟ್ಟು, ಒತ್ತದೆ, ಎಳೆಯುತ್ತಲೇ ಹೋದೆ. ಹರಿತವಾದ ಬದಿ ಪ್ಲಾಸ್ಟಿಕ್ಕನ್ನು ಸೀಳಿ ಅಕ್ಕಪಕ್ಕಕ್ಕೆ ದಿಬ್ಬ ಎಬ್ಬಿಸುತ್ತದೆ. ಬೆನ್ನಿನ ಬದಿ ಸಣ್ಣ ಸುರುಳಿಯಾಗಿ ಕೆತ್ತಿ ತೆಗೆಯುತ್ತದೆ. ಇಂತಹ ಎಳೆತ ಒಂದೊಂದು ಬದಿಗೆ ಐವತ್ತು ಅರವತ್ತು ಬೇಕಾದವು. ಎರಡು ಸಂಜೆ ಇದೇ ಕೆಲಸ. ಎರಡನೆಯ ಸಂಜೆ, ಬಲ ಮೂಲೆಯ ತಿರುವಿನಲ್ಲಿ, ಇನ್ನೇನು ಮುಗಿಯಿತೆಂಬ ಆತುರದಲ್ಲಿ ಕೈ ಸ್ವಲ್ಪ ಒತ್ತಿತು. ಅಲಗು ಗೆರೆಯಿಂದ ಹಾರಿ ಮಡ್ಗಾರ್ಡಿನ ನೆತ್ತಿಯ ಮೇಲೆ ಹನ್ನೊಂದು ಮಿಲಿಮೀಟರ್ ಉದ್ದದ ಗಾಯ ಮಾಡಿತು.

ಗಾಯಕ್ಕೆ ಮದ್ದು ಅಡುಗೆಮನೆಯಲ್ಲಿತ್ತು. ಗೀರಿನೊಳಗೆ ಅಡುಗೆ ಸೋಡಾದ ಪುಡಿಯನ್ನು ಉದುರಿಸಿ, ಮೇಲಿನದನ್ನು ಕುಂಚದಿಂದ ಗುಡಿಸಿ, ಸೂಜಿಯ ತುದಿಯಿಂದ ಒಂದೇ ಹನಿ ಸೂಪರ್ ಗ್ಲೂ ಬಿಟ್ಟರೆ ಅದು ಕ್ಷಣದಲ್ಲಿ ಕಲ್ಲಾಗುತ್ತದೆ. ಆದರೆ ಅದನ್ನು ಆಗಲೇ ಉಜ್ಜಿಬಿಡಬೇಕು. ಮರುದಿನಕ್ಕೆ ಬಿಟ್ಟರೆ ಅದು ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಉಪ್ಪುಕಾಗದ ಅದನ್ನು ಬಿಟ್ಟು ಪಕ್ಕದ ಮೃದುವಾದ ಪ್ಲಾಸ್ಟಿಕ್ಕನ್ನೇ ಸವೆಸುತ್ತದೆ, ಗಾಯವಿದ್ದ ಜಾಗ ಗುಬುಟಾಗಿ ಎದ್ದು ಕಾಣುತ್ತದೆ. 400ರ ವಾಟರ್ ಪೇಪರಿನಿಂದ ಆರಂಭಿಸಿ 1000ಕ್ಕೆ ಮುಗಿಸಿದೆ. ಬಾನೆಟ್ಟಿನ ಒಳಮೈಯನ್ನು ಗುಂಡು ಅರದಿಂದ ತೆಳುಗೊಳಿಸುತ್ತಾ ಅಂಚುಗಳಲ್ಲಿ 0.4 ಮಿ.ಮೀ.ಗೆ ಇಳಿಸಿದೆ. ನಡುವಿನಲ್ಲಿ ದಪ್ಪ ಹಾಗೆಯೇ ಉಳಿದಿದೆ. ನೋಡುವವರ ಕಣ್ಣು ತಗಡಿನ ದಪ್ಪವನ್ನು ಅಳೆಯುವುದು ಅಂಚಿನಲ್ಲಿ ಮಾತ್ರ.

ಎಂಜಿನ್ ಕಟ್ಟಲು ಬಳಸಿದ್ದು ಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆ. ಮಾದರಿ ಮಾಡುವವರಿಗಾಗಿಯೇ ಮಾರುವ ಹಾಳೆ ದುಬಾರಿ; ತೆಳು ಭಾಗಗಳಿಗೆ ಬಿಸಾಡುವ ಮೊಸರಿನ ಡಬ್ಬಿಯೇ ಸಾಕಾಗುತ್ತದೆ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 6 ಎಂದಿದ್ದರೆ ಅದು ಪಾಲಿಸ್ಟೈರೀನ್, ಕತ್ತರಿಸಬಹುದು, ಅಂಟಿಸಬಹುದು. 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಅಂಟೂ ಹಿಡಿಯದು, ಬಣ್ಣವೂ ನಿಲ್ಲದು. ನಮ್ಮ ಮನೆಯಲ್ಲಿ ಈಗ ಯಾವ ಡಬ್ಬಿಯನ್ನೂ ತಳ ನೋಡದೆ ಬಿಸಾಡುವಂತಿಲ್ಲ ಎಂಬ ಕಟ್ಟಳೆ ಜಾರಿಯಲ್ಲಿದೆ.

ಮಾವನ ಗಾಡಿಯಲ್ಲಿರುವುದು 1489 ಸಿಸಿಯ ಪೆಟ್ರೋಲ್ ಎಂಜಿನ್. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಕುಟುಂಬಕ್ಕೆ ಸೇರಿದ ಇದರ ಜೋಡಣೆ ಒಮ್ಮೆ ಅರ್ಥವಾದರೆ ಮಾದರಿಯಲ್ಲಿ ಎಡಬಲ ತಪ್ಪುವುದಿಲ್ಲ. ಚಾಲಕನ ಸೀಟಿನಲ್ಲಿ ಕುಳಿತು ನೋಡಿದಂತೆ, ಉಸಿರಾಟದ ವ್ಯವಹಾರವೆಲ್ಲ ಎಡಕ್ಕೆ: ಕಾರ್ಬುರೇಟರ್, ಏರ್ ಕ್ಲೀನರ್, ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಎಲ್ಲವೂ ಒಂದೇ ಬದಿಯಲ್ಲಿವೆ. ಕಿಡಿಯ ವ್ಯವಹಾರ ಬಲಕ್ಕೆ: ಪ್ಲಗ್ಗುಗಳು, ಅವುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್. ನಾಲ್ಕು ಸಿಲಿಂಡರುಗಳಿದ್ದರೂ ಅವುಗಳನ್ನು ಮೇಲಿನಿಂದ ಮುಚ್ಚುವ ಹೆಡ್ಡಿನ ಎಡಬದಿಯಲ್ಲಿ ಇರುವುದು ಎಂಟಲ್ಲ, ಐದೇ ದ್ವಾರಗಳು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಬರುವುದಕ್ಕೆ ಎರಡು, ಹೊಗೆ ಹೋಗುವುದಕ್ಕೆ ಮೂರು. ನಡುವಿನ ಎರಡು ಸಿಲಿಂಡರುಗಳು ಹೊಗೆಯ ದ್ವಾರವೊಂದನ್ನು ಹಂಚಿಕೊಂಡಿವೆ. ಇದನ್ನು ಗಮನಿಸದೆ ಮೊದಲು ನಾಲ್ಕು ಕವಲಿನ ಮ್ಯಾನಿಫೋಲ್ಡ್ ಒಂದನ್ನು ಬೆಸುಗೆ ತಂತಿಯಿಂದ ಬಹಳ ಚಂದವಾಗಿ ಮಾಡಿದ್ದೆ. ಚಿತ್ರದೊಂದಿಗೆ ಹೋಲಿಸಿದಾಗ ಅದನ್ನು ತೆಗೆದು ಬದಿಗಿಡಬೇಕಾಯಿತು, ಮೂರು ಕವಲಿನದು ಎರಡನೆಯ ಯತ್ನದಲ್ಲಿ ಬಂತು.

ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕನ್ನು, ಒಂದು ಮಿಲಿಮೀಟರಿನ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒಂದು ರಾತ್ರಿ ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಬಿಗಿದು, ಮರುದಿನ ಅರದಿಂದ ಆಕಾರಕ್ಕೆ ತಂದೆ. ಎಂಜಿನ್ನಿನ ಮೇಲಿನ ಮುಚ್ಚಳವಾದ ರಾಕರ್ ಕವರ್ ಸುಮಾರು 13 ಮಿ.ಮೀ. ಉದ್ದದ್ದು, ಅದರ ನೆತ್ತಿಯ ಮೇಲೆ ಎಣ್ಣೆ ಹಾಕುವ ಮುಚ್ಚಳ, ಕವರನ್ನು ಹಿಡಿದಿಡುವ ಎರಡು ನಟ್ಟುಗಳು ಕಾಣಬೇಕು. ಇಂತಹ ಸಣ್ಣ ಬಿಲ್ಲೆಗಳಿಗಾಗಿ ಒಂದು ಉಪಕರಣ ಮಾಡಿಕೊಂಡೆ. 20 ಗೇಜಿನ ಇಂಜೆಕ್ಷನ್ ಸೂಜಿಯ ಓರೆ ಮೊನೆಯನ್ನು ಎಣ್ಣೆಕಲ್ಲಿನ ಮೇಲೆ ನೇರವಾಗಿ ತೇಯ್ದು, ಹೊರಅಂಚನ್ನು ಹರಿತಗೊಳಿಸಿದರೆ, ಅದು 0.6 ಮಿ.ಮೀ. ವ್ಯಾಸದ ಬಿಲ್ಲೆಗಳನ್ನು ಕತ್ತರಿಸುವ ಅಚ್ಚಾಗುತ್ತದೆ. ತೆಳು ಹಾಳೆಯನ್ನು ಮರದ ಹಲಗೆಯ ಮೇಲಿಟ್ಟು, ಸೂಜಿಯನ್ನು ಒತ್ತಿ ಒಂದು ಸುತ್ತು ತಿರುಗಿಸಿದರೆ ಬಿಲ್ಲೆ ಸೂಜಿಯೊಳಗೆ ಕುಳಿತಿರುತ್ತದೆ. ಒಳಗಿನಿಂದ ಸಣ್ಣ ತಂತಿಯಿಂದ ತಳ್ಳಿ ಹೊರತೆಗೆಯಬೇಕು. ನಿಜವಾದ ಅಳತೆಯಲ್ಲಿ 0.6 ಎಂದರೆ 19 ಮಿ.ಮೀ. ಬ್ಯಾಟರಿಯ ಮೇಲಿನ ಮುಚ್ಚಳಗಳಿಗೆ ಇದು ತಕ್ಕ ಗಾತ್ರ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶಗಳಿರುವುದರಿಂದ ಮುಚ್ಚಳಗಳೂ ಆರು. ನಾಲ್ಕೇ ಮುಚ್ಚಳವಿರುವ ಮಾದರಿಗಳನ್ನು ನೋಡಿದಾಗಲೆಲ್ಲ ನನಗೆ ಬೆರಳು ತುರಿಸುತ್ತದೆ.

ಪ್ಲಗ್ ವೈರುಗಳ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಬಾನೆಟ್ ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಅವೇ. ನಿಜವಾದ ವೈರು 7 ಮಿ.ಮೀ. ದಪ್ಪ, ಮಾದರಿಯಲ್ಲಿ 0.22 ಮಿ.ಮೀ. ಆಗಬೇಕು. ಹೊಲಿಗೆ ದಾರ ಬಳಸುವವರಿದ್ದಾರೆ, ಆದರೆ ದಾರಕ್ಕೆ ಜುಂಗು ಇರುತ್ತದೆ, ಬಣ್ಣ ಬಳಿದ ಮೇಲೆ ಆ ಜುಂಗು ಮುಳ್ಳಿನಂತೆ ನಿಲ್ಲುತ್ತದೆ. ಅಲ್ಲದೆ ದಾರಕ್ಕೆ ತನ್ನ ಭಾರಕ್ಕೆ ಜೋಲುವ ಗುಣವಿಲ್ಲ. ನಾನು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿ ತಂದದ್ದು 36 ಗೇಜಿನ ಎನಾಮಲ್ ತಾಮ್ರದ ತಂತಿ. ಅದು ಸುಮಾರು 0.19 ಮಿ.ಮೀ.; ಕಪ್ಪು ಬಣ್ಣದ ಒಂದು ಪದರ ಬಿದ್ದ ಮೇಲೆ ಬೇಕಾದ ಅಳತೆಗೆ ಬರುತ್ತದೆ. ಅಂಗಡಿಯವರು ಒಂದು ಅಂಗೈ ಅಗಲದ ಸಿಂಬೆಯನ್ನು ತೂಕಕ್ಕೂ ಹಾಕದೆ ಕೊಟ್ಟರು. ಇನ್ನೂ ನೂರು ಕಾರಿಗೆ ಆಗುವಷ್ಟು ಉಳಿದಿದೆ.

ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ಕಿವಿ ಶುಚಿಗೊಳಿಸುವ ಇಯರ್‌ಬಡ್ಡಿನ ಪ್ಲಾಸ್ಟಿಕ್ ಕಡ್ಡಿಯನ್ನು ಆರಿಸಿದೆ, 2.4 ಮಿ.ಮೀ. ದಪ್ಪದ ಆ ಕಡ್ಡಿಯ ಟೊಳ್ಳನ್ನು ಪುಟ್ಟಿಯಿಂದ ತುಂಬಿ, ಒಣಗಿಸಿ, ತುದಿಯನ್ನು ಸಮತಟ್ಟಾಗಿ ಕತ್ತರಿಸಿದೆ. ಅದರ ಮೇಲೆ ಐದು ರಂಧ್ರಗಳಾಗಬೇಕು: ಕಾಯಿಲಿನಿಂದ ಬರುವ ವೈರಿಗೆ ನಡುವೆ ಒಂದು, ಪ್ಲಗ್ಗುಗಳಿಗೆ ಸುತ್ತ ನಾಲ್ಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸರ್ಕ್ಯೂಟ್ ಬೋರ್ಡು ಕೊರೆಯಲು ಮಾರುವ 0.3 ಮಿ.ಮೀ. ಡ್ರಿಲ್ ಬಿಟ್ಟುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ಆದರೆ ಅವು ಯಂತ್ರದಲ್ಲಿ ನೆಟ್ಟಗೆ ಇಳಿಯಲೆಂದು ಮಾಡಿದವು. ಕೈ ಡ್ರಿಲ್ಲಿನಲ್ಲಿ ತುಸು ವಾಲಿದರೂ ಪಟಕ್ಕನೆ ಮುರಿಯುತ್ತವೆ. ಮೂರು ಮುರಿದವು. ಸೂಜಿಯ ಮೊನೆಯಿಂದ ಮೊದಲು ಗುಳಿ ಮಾಡಿ, ಬಿಟ್ಟಿಗೆ ಮೇಣ ಸವರಿ, ಎರಡು ಸುತ್ತಿಗೊಮ್ಮೆ ಹೊರಗೆಳೆದು ಪುಡಿ ಒರೆಸಿದರೆ ಮಾತ್ರ ಕೆಲಸ ಸಾಗುತ್ತದೆ. ರಂಧ್ರಗಳಾದ ಮೇಲೆ ನಾಲ್ಕು ತಂತಿಗಳನ್ನು ಒಂದರ ಪಕ್ಕ ಒಂದು, ಎಲ್ಲಿಯೂ ಒಂದನ್ನೊಂದು ದಾಟದಂತೆ, ಅಂದವಾಗಿ ಪ್ಲಗ್ಗುಗಳಿಗೆ ಇಳಿಸಿದೆ. ಆ ಅಂದವೇ ಮುಂದೆ ತಗಾದೆಗೆ ಬಂತು.

ರೇಡಿಯೇಟರಿನ ಕೊಳವೆಗಳಿಗೆ ಎಲೆಕ್ಟ್ರಾನಿಕ್ಸ್ ಕೆಲಸದ 1.2 ಮಿ.ಮೀ. ಬೆಸುಗೆ ತಂತಿ ಸಾಕು. ಅದು ಬೆರಳಿನಲ್ಲಿ ಬಾಗಿದಂತೆಯೇ ಉಳಿಯುತ್ತದೆ, ಮತ್ತೆ ನೆಟ್ಟಗಾಗಲು ಹವಣಿಸುವುದಿಲ್ಲ. ಕೊಳವೆಯ ತುದಿಯ ಕ್ಲಿಪ್ಪುಗಳು ಮಾತ್ರೆಯ ಪಟ್ಟಿಯ ಹಿಂಬದಿಯ ತಗಡಿನಿಂದ ಸೀಳಿದ 0.4 ಮಿ.ಮೀ. ಅಗಲದ ಎಳೆಗಳು. ರೇಡಿಯೇಟರಿನ ಮುಖಕ್ಕೆ ಏನು ಹಾಕುವುದೆಂದು ಬಹಳ ದಿನ ಹೊಳೆಯಲಿಲ್ಲ. ಚಹಾ ಸೋಸುವ ಜಾಲರಿ ಈ ಅಳತೆಯಲ್ಲಿ ಕೋಳಿಗೂಡಿನ ಬಲೆಯಂತೆ ಕಂಡಿತು. ಕೊನೆಗೆ ಮನೆಯವರ ರೇಷ್ಮೆ ರವಿಕೆ ಹೊಲಿಸಿ ಮಿಕ್ಕ ತುಂಡೊಂದನ್ನು ತೆಳುವಾದ ಫೆವಿಕಾಲಿನಿಂದ ಹಾಳೆಗೆ ಅಂಟಿಸಿ, ಮಾಸಲು ಕಪ್ಪು ಬಳಿದು, ಒಣಗಿದ ಮೇಲೆ ಬರಿಯ ಕುಂಚದಲ್ಲಿ ಹಿತ್ತಾಳೆ ಬಣ್ಣವನ್ನು ಸವರಿಯೂ ಸವರದಂತೆ ಎಳೆದಾಗ, ನೇಯ್ಗೆಯ ಎಳೆಗಳು ರೇಡಿಯೇಟರಿನ ಗೆರೆಗಳಂತೆಯೇ ಮೇಲೆದ್ದವು. ಬ್ಯಾಟರಿಗೆ ವಿದ್ಯುತ್ ತುಂಬುವ ಹಳೆಯ ಡೈನಮೋದ ಜಾಗದಲ್ಲಿ ಮಾವ ಕೆಲವು ವರ್ಷಗಳ ಹಿಂದೆ ಅದೇ ಕೆಲಸ ಮಾಡುವ ಆಲ್ಟರ್ನೇಟರ್ ಹಾಕಿಸಿದ್ದಾರೆ. 1982ರ ಕಾರಿಗೆ ಅದು ಮೂಲದ್ದಲ್ಲ ಎಂದು ಹಳೆಯ ಗಾಡಿಗಳ ಬಗ್ಗೆ ಕಟ್ಟುನಿಟ್ಟಾದವರು ಆಕ್ಷೇಪಿಸಬಹುದು. ನಾನು ಮಾಡುತ್ತಿರುವುದು ಕಾರ್ಖಾನೆಯಿಂದ ಹೊರಟ ಗಾಡಿಯನ್ನಲ್ಲ, ಶೆಡ್ಡಿನಲ್ಲಿ ನಿಂತಿರುವ ಗಾಡಿಯನ್ನು. ಆಲ್ಟರ್ನೇಟರನ್ನೇ ಮಾಡಿದೆ.

ಮುಂದಿನ ಜಾಲರಿ ಮೂರು ವಾರ ತಿಂದಿತು. ಅಚ್ಚಿನ ಜಾಲರಿಯನ್ನು ಪೂರ್ತಿ ಕೊರೆದು ತೆಗೆದು, ಚಿತ್ರದಿಂದ ಚೌಕಗಳನ್ನು ಎಣಿಸಿ, ಕಾಗದದ ಮೇಲೆ ನಕ್ಷೆ ಬರೆದೆ. ಪಟ್ಟಿಗಳಿಗೆ ಬೇಕಿದ್ದ 0.25 ಮಿ.ಮೀ. ಎಳೆಯನ್ನು ಪ್ಲಾಸ್ಟಿಕ್ ಕಡ್ಡಿ ಕಾಯಿಸಿ ಎಳೆದು ಮಾಡಿಕೊಂಡೆ. ಮೇಣದಬತ್ತಿಯ ಉರಿ ಇದಕ್ಕೆ ಹೆಚ್ಚಾಗುತ್ತದೆ, ಕಡ್ಡಿ ಹೊತ್ತಿಕೊಳ್ಳುತ್ತದೆ. ಊದುಬತ್ತಿಯ ಕೆಂಡಕ್ಕೆ ಹತ್ತಿರ ಹಿಡಿದು, ಕಡ್ಡಿಯ ನಡು ಹೊಳೆಯತೊಡಗಿದ ಕೂಡಲೇ ಕೆಂಡದಿಂದ ಸರಿಸಿ, ಒಂದು ಉಸಿರಿನಷ್ಟು ಹೊತ್ತು ತಡೆದು, ಎರಡೂ ಕೈಗಳನ್ನು ಸಮನಾಗಿ ದೂರ ಸರಿಸಬೇಕು. ನಿಧಾನವಾಗಿ ಎಳೆದರೆ ದಪ್ಪ ಎಳೆ, ಬೇಗ ಎಳೆದರೆ ಕೂದಲೆಳೆ. ಒಂದೇ ದಪ್ಪದ ಹದಿನೈದು ಸೆಂಟಿಮೀಟರ್ ಸಿಗಲು ಹತ್ತು ಕಡ್ಡಿಗಳು ಹಾಳಾದವು. ಎಳೆಗಳನ್ನು ನಕ್ಷೆಯ ಮೇಲೆ ಅಂಟುಪಟ್ಟಿಯಿಂದ ಹಿಡಿಸಿ, ಅಡ್ಡ ಮತ್ತು ಉದ್ದದ ಎಳೆಗಳು ಕೂಡುವೆಡೆಯಲ್ಲೆಲ್ಲ ಅತಿ ಸಣ್ಣ ಕುಂಚದಿಂದ ದ್ರಾವಕವನ್ನು ಮುಟ್ಟಿಸಿದೆ. ದ್ರಾವಕ ತುಸು ಹೆಚ್ಚಾದರೆ ಕೂಡುವೆಡೆ ಕರಗಿ ಗುಂಡಗಾಗುತ್ತದೆ. ಮೊದಲಿನ ಎರಡು ಜಾಲರಿಗಳು ಹೀಗೆಯೇ ಜೇಡರ ಬಲೆಯಾದವು.

ಕ್ರೋಮ್ ಹೊಳಪಿಗೆ ಬೆಳ್ಳಿಬಣ್ಣ ಬಳಿಯುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅದು ಅಲ್ಯೂಮಿನಿಯಂ ಬಣ್ಣದಂತೆ ಕಾಣುತ್ತದೆಯೇ ಹೊರತು ಲೋಹದಂತೆ ಅಲ್ಲ. ಅಡುಗೆಮನೆಯ ಫಾಯಿಲ್ ಸುಮಾರು 11 ಮೈಕ್ರಾನ್ ದಪ್ಪದ್ದು. 32ರಿಂದ ಗುಣಿಸಿದರೂ 0.35 ಮಿ.ಮೀ. ಮಾತ್ರ. ಎಂದರೆ ಈ ಕೆಲಸದಲ್ಲಿ ನಿಜವಾದ ತಗಡಿಗಿಂತಲೂ ತೆಳುವಾದ ವಸ್ತು ಇದೊಂದೇ. ಹಿಂಬದಿಗೆ ನೀರು ಬೆರೆಸಿದ ಅಂಟನ್ನು ಸವರಿ, ಜಿಗುಟು ಮಾತ್ರ ಉಳಿಯುವಷ್ಟು ಒಣಗಿಸಿ, ಗಾಜಿನ ಸುತ್ತಲಿನ ಪಟ್ಟಿಗಳ ಮೇಲೆ ಹೊದಿಸಿ, ಹಲ್ಲುಕಡ್ಡಿಯ ಬದಿಯಿಂದ ತಿಕ್ಕಿದರೆ ಕೆಳಗಿನ ಉಬ್ಬುತಗ್ಗು ಎಲ್ಲವೂ ಮೇಲೆ ಮೂಡುತ್ತದೆ. ಬಂಪರಿನ ಬಾಗಿದ ಮೂಲೆಗಳಲ್ಲಿ ಮಾತ್ರ ಸುಕ್ಕು ಬಿಡಲಿಲ್ಲ. ಹತ್ತಿರದಿಂದ ನೋಡಿದರೆ ಈಗಲೂ ಎಡ ಮೂಲೆಯಲ್ಲಿ ಒಂದು ಮಡಿಕೆ ಕಾಣುತ್ತದೆ. ನಿಜವಾದ ಬಂಪರಿನಲ್ಲಿಯೂ ಅದೇ ಮೂಲೆಯಲ್ಲಿ ಒಂದು ಗುದ್ದು ಇರುವುದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇನೆ ಎಂದು ಹೇಳಿಕೊಳ್ಳುವಷ್ಟು ಅನುಕೂಲ ನನಗಿದೆ.

ಇನ್ನೊಂದು ಅನಾಹುತ ಮುಂದಿನ ಗಾಜಿನದು. ಆಟಿಕೆಯ ಗಾಜಿನ ಭಾಗವನ್ನು ಸೂಪರ್ ಗ್ಲೂವಿನಿಂದ ಕೂರಿಸಿ, ಛಾವಣಿ ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಒಳಗಡೆಯೆಲ್ಲ ಮಡಿಕೇರಿಯ ಮಂಜು. ಆ ಅಂಟಿನ ಆವಿ ಗಾಳಿಯಾಡದ ಜಾಗದಲ್ಲಿ ಗಾಜಿನ ಮೇಲೆ ಬಿಳಿಯಾಗಿ ಕೂರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಆ ರಾತ್ರಿ ಮರೆತಿತ್ತು. ತಿಕ್ಕಿ ತೆಗೆಯಲು ಹೋಗಿ ಗೀರುಗಳಾದವು. ಕೊನೆಗೆ ಅಂಗಿಯ ಡಬ್ಬಿಯ ಪಾರದರ್ಶಕ ಹಾಳೆಯನ್ನು ಅದೇ ಆಕಾರಕ್ಕೆ ಕತ್ತರಿಸಿ, ಈ ಸಲ ಫೆವಿಕಾಲಿನಿಂದ ಕೂರಿಸಿದೆ. ಅದು ಒಣಗಿದಾಗ ಪಾರದರ್ಶಕವಾಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಆಟಿಕೆಯ ದಪ್ಪ ಗಾಜು ಹೋಗಿ ತೆಳುವಾದ ಗಾಜು ಬಂದದ್ದು ಲಾಭವೇ ಆಯಿತು.

ಗಾಜಿನ ಕೆಳಗಿನ ವೈಪರುಗಳು ಎಳೆದ ಪ್ಲಾಸ್ಟಿಕ್ ಎಳೆಯಿಂದ, ಆಂಟೆನಾ ಗಿಟಾರಿನ ಅತಿ ತೆಳುವಾದ ಮೊದಲ ತಂತಿಯಿಂದ ಆದವು. ಆ ತಂತಿ 0.25 ಮಿ.ಮೀ., ಉಕ್ಕಿನದು, ಯಾರಾದರೂ ಕೈ ತಗುಲಿಸಿದರೂ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಒಳಗಿನ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ: ಉದ್ದನೆಯ ಸೀಟುಗಳಿಗೆ ಟಿಶ್ಯೂ ಕಾಗದದ ಹೊದಿಕೆ, ಸ್ಟಿಯರಿಂಗ್ ಕಂಬದ ಬದಿಯ ಗೇರ್ ಹಿಡಿಕೆಗೆ ಗುಂಡುಸೂಜಿ. ಡ್ಯಾಷ್‌ಬೋರ್ಡಿನ ಮೇಲೆ ಅತ್ತೆ ಇಟ್ಟಿರುವ ಗಣಪತಿ ಎರಡು ಅಂಗುಲದ್ದು. ಮಾದರಿಯಲ್ಲಿ ಅದು ಒಂದೂವರೆ ಮಿಲಿಮೀಟರ್, ಸಾಸಿವೆ ಕಾಳಿನಷ್ಟು. ಅದಕ್ಕೆ ಸೊಂಡಿಲು ಕೆತ್ತಲು ಹೋಗಲಿಲ್ಲ. ಪುಟ್ಟಿಯ ಉಂಡೆಗೆ ಸೂಜಿಯಿಂದ ಹೊಟ್ಟೆಯ ಆಕಾರ ಕೊಟ್ಟು, ಅರಿಶಿನ ಬಣ್ಣ ಹಾಕಿ, ಮುಂದೆ ಕುಂಕುಮದ ಕೆಂಪಿನ ಒಂದು ಚುಕ್ಕೆ ಇಟ್ಟೆ. ನೋಡಿದವರೆಲ್ಲ ಗಣಪತಿ ಎಂದೇ ಗುರುತಿಸಿದರು.

ಮೈಯ ಬಣ್ಣ ಬಿಳಿ, ಆದರೆ ಡಬ್ಬಿಯ ಬಿಳಿಯನ್ನು ಹಾಗೆಯೇ ಹೊಡೆದರೆ ಸಣ್ಣ ಮಾದರಿ ಸುಣ್ಣ ಬಳಿದಂತೆ ಕಣ್ಣು ಕುಕ್ಕುತ್ತದೆ. ಬಿಳಿಗೆ ಒಂದಿಷ್ಟು ಹಳದಿ ಮಣ್ಣಿನ ಬಣ್ಣ, ಅದಕ್ಕಿಂತ ಕಡಿಮೆ ಬೂದು ಬೆರೆಸಿದೆ. ಟೈರಿಗೂ ಅಪ್ಪಟ ಕಪ್ಪು ಹಾಕಲಿಲ್ಲ. ಧೂಳಿಗೆ ಶೆಡ್ಡಿನ ಮುಂದಿನ ಕೆಮ್ಮಣ್ಣನ್ನೇ ಒಂದು ಪೊಟ್ಟಣದಲ್ಲಿ ತಂದಿದ್ದೆ. ಅದನ್ನು ಹಾಗೆಯೇ ಉದುರಿಸಿದಾಗ ಚಕ್ರದ ಸುತ್ತ ಜಲ್ಲಿಕಲ್ಲು ಸುರಿದಂತಾಯಿತು, 0.1 ಮಿ.ಮೀ.ನ ಮರಳಿನ ಕಣವೂ ಇಲ್ಲಿ ಮೂರು ಮಿಲಿಮೀಟರಿನ ಹರಳು. ಕಲ್ಬತ್ತಿನಲ್ಲಿ ಕುಟ್ಟಿ, ಎರಡು ಮಡಿಕೆ ಮಲ್ಲು ಬಟ್ಟೆಯಲ್ಲಿ ಸೋಸಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾದ ಮೇಲೆ ಮೆತ್ತನೆಯ ಕುಂಚದಿಂದ ಮಡ್ಗಾರ್ಡಿನ ಒಳಗೆ, ಬಾಗಿಲಿನ ಕೆಳಗಂಚಿಗೆ ಹಚ್ಚಿದೆ. ಕಲ್ಬತ್ತನ್ನು ತೊಳೆದಿಟ್ಟೆ ಎಂಬುದನ್ನು ಇಲ್ಲಿ ದಾಖಲಿಸುವುದು ಮನೆಯ ಶಾಂತಿಯ ದೃಷ್ಟಿಯಿಂದ ಅವಶ್ಯಕ. ನಂಬರ್ ಪ್ಲೇಟ್ ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರಗಳದ್ದು, ಸಿ.ಎ. ಎಂದು ಆರಂಭವಾಗುವ ಹಳೆಯ ಸಂಖ್ಯೆ, ಕೆ.ಎ. ಸರಣಿ ಬಂದದ್ದು 1989ರಲ್ಲಿ. ಈಗ ನಿಜವಾದ ಗಾಡಿಗೆ ಬಿಳಿಯ ಪ್ಲೇಟೇ ಇದೆ. ಹಳೆಯ ಕಪ್ಪು ಪ್ಲೇಟನ್ನು ಮಾವ ಗೋಡೆಗೆ ನೇತುಹಾಕಿದ್ದಾರೆ. ಶೆಡ್ಡಿನಲ್ಲಿರುವ ಗಾಡಿಯನ್ನೇ ಮಾಡುವ ನಿಯಮವನ್ನು ನಾನು ಬೇಕೆಂದೇ ಮುರಿದದ್ದು ಇದೊಂದೇ ಕಡೆ, ಅದೂ ಅವರೇ ಕೇಳಿಕೊಂಡದ್ದರಿಂದ.

ಮಾದರಿಯನ್ನು ಮೈಸೂರಿಗೆ ಒಯ್ದಾಗ ಮಾವ ಪತ್ರಿಕೆ ಓದುವ ಭೂತಕನ್ನಡಿ ತಂದು, ಜಾಲರಿಯನ್ನಾಗಲಿ ಗಣಪತಿಯನ್ನಾಗಲಿ ನೋಡದೆ ನೇರವಾಗಿ ಬಾನೆಟ್ ಎತ್ತಿದರು. ಬಹಳ ಹೊತ್ತು ಮಾತಿಲ್ಲ.

“ಇದು ಸ್ಟಾರ್ಟ್ ಆಗಲ್ಲಪ್ಪ,” ಎಂದರು.

“ಮಾವ, ಅದು ಪ್ಲಾಸ್ಟಿಕ್ಕು.”

“ಪ್ಲಾಸ್ಟಿಕ್ಕಾದ್ರೇನು? ವೈರ್ ನೋಡು. ಒಂದು, ಎರಡು, ಮೂರು, ನಾಲ್ಕು ಅಂತ ಸಾಲಾಗಿ ಕೊಟ್ಟಿದೀಯ. ಒಂದು, ಮೂರು, ನಾಲ್ಕು, ಎರಡು ಬರ್ಬೇಕು.”

ಅವರು ಹೇಳಿದ್ದು ಸರಿ. ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಕ್ರಮ 1-3-4-2. ಡಿಸ್ಟ್ರಿಬ್ಯೂಟರಿನ ಸುತ್ತ ವೈರುಗಳು ಆ ಕ್ರಮದಲ್ಲಿ ಕೂತಾಗ, ಸಾಲಾಗಿ ನಿಂತಿರುವ ಪ್ಲಗ್ಗುಗಳನ್ನು ಮುಟ್ಟಲು ಅವು ಒಂದನ್ನೊಂದು ದಾಟಲೇಬೇಕಾಗುತ್ತದೆ. ಒಂದೂ ದಾಟದಂತೆ ಅಂದವಾಗಿ ಇಳಿಸಿದ್ದೇ ನನ್ನ ತಪ್ಪಿಗೆ ಸಾಕ್ಷಿಯಾಗಿತ್ತು. ಮೊದಲನೆಯದೊಂದನ್ನು ಬಿಟ್ಟು ಉಳಿದ ಮೂರೂ ತಪ್ಪು. ನಾನು ತೆಗೆದ ಚಿತ್ರಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ವೈರಿನ ದಪ್ಪವನ್ನು ನೂರರ ಒಂದಂಶದವರೆಗೆ ಲೆಕ್ಕ ಹಾಕಿದವನು ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡಿರಲಿಲ್ಲ.

ಬೆಂಗಳೂರಿಗೆ ಮರಳಿ ಮೂರು ತಂತಿಗಳನ್ನು ಕಿತ್ತೆ. ಅಂಟು ಉಳಿದು ಮುಚ್ಚಿಹೋಗಿದ್ದ ರಂಧ್ರಗಳನ್ನು ಮತ್ತೆ ಕೊರೆಯುವಾಗ ನಾಲ್ಕನೆಯ ಬಿಟ್ಟು ಒಳಗೇ ಮುರಿದು ಉಳಿಯಿತು. ಅದನ್ನು ತೆಗೆಯಲಾಗದೆ ಡಿಸ್ಟ್ರಿಬ್ಯೂಟರನ್ನೇ ಹೊಸದಾಗಿ ಮಾಡಿದೆ. ಈ ಬಾರಿ ತಂತಿಗಳನ್ನು ಕಾಗದದ ಮೇಲೆ ಸಂಖ್ಯೆ ಬರೆದ ಪಟ್ಟಿಗೆ ಅಂಟಿಸಿಕೊಂಡು ಒಂದೊಂದಾಗಿ ಇಳಿಸಿದೆ. ಈಗ ಅವು ಒಂದರ ಮೇಲೊಂದು ಹಾಯ್ದು, ಸ್ವಲ್ಪ ಗೋಜಲಾಗಿ, ನಿಜವಾದ ಬಾನೆಟ್ಟಿನೊಳಗಿನಂತೆಯೇ ಜೋಲುತ್ತಿವೆ.

ಹಿಂದಿನ ಎಡಚಕ್ರಕ್ಕೆ ವೀಲ್ ಕಪ್ ಹಾಕಿಲ್ಲ. ಮಾವನ ಗಾಡಿಯಲ್ಲಿ ಅದು ಬಿದ್ದುಹೋಗಿತ್ತು, ಆದ್ದರಿಂದ ಮಾದರಿಯಲ್ಲಿಯೂ ಬರಿಯ ಡಿಸ್ಕಿಗೆ ನಟ್ಟುಗಳನ್ನು ಕೂರಿಸಿ ತುಕ್ಕಿನ ಬಣ್ಣ ಕೊಟ್ಟಿದ್ದೆ. ಮೊನ್ನೆ ಅತ್ತೆ ಫೋನ್ ಮಾಡಿದಾಗ, ಅಟ್ಟ ಗುಡಿಸುವಾಗ ಆ ವೀಲ್ ಕಪ್ ಸಿಕ್ಕಿತೆಂದೂ ಮಾವ ಅಂದೇ ಅದನ್ನು ತಟ್ಟಿ ಕೂರಿಸಿದರೆಂದೂ ತಿಳಿಸಿದರು. ಕ್ಯಾಲಿಪರ್ ಮತ್ತೆ ಮೇಜಿನ ಮೇಲೆ ಬಂದಿದೆ.